ಕಚೇರಿಯ ಗಣಕಯಂತ್ರಗಳಲ್ಲಿ ಕೆಲವು ಸೌಲಭ್ಯಗಳನ್ನು ನಿರ್ಬಂಧಿಸಿರುವ ಕುರಿತು ಸಾರ್ವಜನಿಕರಿಗೆ ಮಾಹಿತಿ

ಅರ್ಜಿ ಸಲ್ಲಿಸಲು ಬರುವ ಸಾರ್ವಜನಿಕರಲ್ಲಿ ಹಲವರು ದಾಖಲೆಗಳನ್ನು ಪೆನ್ ಡ್ರೈವ್‌ನಲ್ಲಿ ತರುತ್ತಾರೆ. ಕಚೇರಿಯ ಗಣಕಯಂತ್ರವು ಅದನ್ನು ತೆರೆಯದಿದ್ದಾಗ, ಸಿಬ್ಬಂದಿಯು ಬೇಕೆಂದೇ ಸತಾಯಿಸುತ್ತಿದ್ದಾರೆಂದು ಭಾವಿಸುವುದುಂಟು. ಸದರಿ ನಿರ್ಬಂಧವನ್ನು ವಿಧಿಸಿದವರು ಮೇಜಿನ ಮುಂದಿರುವ ಸಹಾಯಕರಲ್ಲ. ಅದನ್ನು ತೆಗೆಯುವ ಅಧಿಕಾರವೂ ಅವರಿಗಿಲ್ಲ.

ಜಾಲಕ್ಕೆ ಸೇರಿದ ಗಣಕಯಂತ್ರಗಳಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಒಂದೇ ಸ್ಥಳದಿಂದ ನಿರ್ಧರಿಸಬಹುದು. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 2000 ಆವೃತ್ತಿಯೊಂದಿಗೆ ಇದಕ್ಕಾಗಿ ‘ಗ್ರೂಪ್ ಪಾಲಿಸಿ’ ಎಂಬ ವ್ಯವಸ್ಥೆಯನ್ನು ಜಾರಿಗೆ ತಂದಿತು. ಇದನ್ನು ಸುತ್ತೋಲೆಗೆ ಹೋಲಿಸಬಹುದು. ಆದರೆ ಕಾಗದದ ಸುತ್ತೋಲೆಯನ್ನು ಓದದೆಯೇ ಕಡತಕ್ಕೆ ಸೇರಿಸಿಬಿಡಲು ಸಾಧ್ಯ. ಇಲ್ಲಿ ಅದಕ್ಕೆ ಅವಕಾಶವಿಲ್ಲ. ಯಂತ್ರಕ್ಕೆ ಸಂಬಂಧಿಸಿದ ನಿಯಮಗಳು ಯಂತ್ರವನ್ನು ಚಾಲನೆಗೊಳಿಸಿದಾಗಲೂ, ಬಳಕೆದಾರರಿಗೆ ಸಂಬಂಧಿಸಿದವು ಅವರು ಲಾಗಿನ್ ಆದಾಗಲೂ ಅನ್ವಯವಾಗುತ್ತವೆ. ಅನಂತರ ಸಾಮಾನ್ಯವಾಗಿ ಪ್ರತಿ 90 ನಿಮಿಷಗಳಿಗೊಮ್ಮೆ ಅವು ಪರಿಷ್ಕರಣೆಗೊಳ್ಳುತ್ತವೆ. ಎಲ್ಲ ಯಂತ್ರಗಳೂ ಏಕಕಾಲದಲ್ಲಿ ಸರ್ವರ್‌ಗೆ ಮುಗಿಬೀಳದಂತೆ ಈ ಅವಧಿಗೆ 30 ನಿಮಿಷಗಳವರೆಗೆ ಹೆಚ್ಚುವರಿ ಅಂತರವನ್ನು ಸೇರಿಸಲಾಗುತ್ತದೆ. ಆದ್ದರಿಂದ ಮಾರ್ಪಡಿಸಿದ ನಿಯಮವು ಅಕ್ಕಪಕ್ಕದ ಎರಡು ಮೇಜುಗಳಲ್ಲಿ ಬೇರೆ ಬೇರೆ ವೇಳೆಗೆ ಜಾರಿಗೆ ಬರುವುದು ಸಹಜ.

ನಿಯಮಗಳು ಪರಸ್ಪರ ಭಿನ್ನವಾಗಿದ್ದಲ್ಲಿ, ಇಡೀ ಜಾಲಕ್ಕೆ ಹೊರಡಿಸಿದ ನಿಯಮಕ್ಕಿಂತ ಆಯಾ ಘಟಕಕ್ಕೆ ಹೊರಡಿಸಿದ ನಿಯಮವೇ ಊರ್ಜಿತವಾಗುತ್ತದೆ. ಇದು ಕಚೇರಿ ಆಡಳಿತದ ರೂಢಿಗೆ ತುಸು ವಿರುದ್ಧವೆನಿಸಬಹುದು. ಮೇಲಿನ ನಿಯಮವನ್ನು ಕಡ್ಡಾಯವೆಂದು ಗುರುತಿಸಿದ್ದಲ್ಲಿ ಮಾತ್ರ ಅದನ್ನು ಕೆಳಹಂತದಲ್ಲಿ ಬದಲಿಸಲಾಗದು.

ಪರದೆಯ ಹಿನ್ನೆಲೆ ಚಿತ್ರವನ್ನು ಬದಲಿಸಲು ಬಿಡದಿರುವುದು ಸಣ್ಣ ಸಂಗತಿ. ಅದರಿಂದ ಅರ್ಜಿದಾರರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಪೆನ್ ಡ್ರೈವ್ ವಿಷಯ ಹಾಗಲ್ಲ. 2008ರಲ್ಲಿ ಕಾಣಿಸಿಕೊಂಡ ‘ಕಾನ್‌ಫಿಕರ್’ ಎಂಬ ಕುತಂತ್ರಾಂಶವು ಜಾಲದ ಮೂಲಕವಲ್ಲದೆ ಪೆನ್ ಡ್ರೈವ್‌ಗಳ ಮೂಲಕವೂ ಹರಡಿತು. ಒಬ್ಬ ಅರ್ಜಿದಾರರ ಸಾಧನದಿಂದ ಇತರ ಅರ್ಜಿದಾರರ ದಾಖಲೆಗಳಿಗೆ ಧಕ್ಕೆಯಾಗಬಾರದು.

ಇದಕ್ಕಿಂತಲೂ ಮುಖ್ಯವಾದುದು ಪರದೆಯ ಬೀಗ. ಸಿಬ್ಬಂದಿಯು ಎದ್ದು ಹೋದಾಗ ಕೆಲವು ನಿಮಿಷಗಳಲ್ಲಿ ಪರದೆ ಮುಚ್ಚಿಕೊಂಡು, ಪುನಃ ಗುಪ್ತಪದವನ್ನು ಕೇಳುತ್ತದೆ. ತೆರೆದಿಟ್ಟ ಪರದೆಯ ಮುಂದೆ ಬೇರೊಬ್ಬರು ಕುಳಿತು ನಿಮ್ಮ ಜಾತಿ, ಆದಾಯ ಅಥವಾ ಜಮೀನಿನ ವಿವರವನ್ನು ತಿದ್ದಿದರೆ, ಆ ತಿದ್ದುಪಡಿಯು ಗೈರಾಗಿದ್ದ ನೌಕರರ ಹೆಸರಿನಲ್ಲಿ ದಾಖಲಾಗುತ್ತದೆ. ಮುಂದೆ ತಕರಾರು ಬಂದಾಗ ತಿದ್ದಿದವರು ಯಾರೆಂದು ಸಾಬೀತುಪಡಿಸುವುದು ಕಷ್ಟ. ಆದುದರಿಂದ, ಸಂಬಂಧಪಟ್ಟವರು ಸ್ಥಳದಲ್ಲಿಲ್ಲದಿರುವಾಗ ಅವರ ಗುಪ್ತಪದವನ್ನು ಬಳಸಿ ಕೆಲಸ ಮುಗಿಸಿಕೊಡುವಂತೆ ಸಾರ್ವಜನಿಕರು ಒತ್ತಾಯಿಸಬಾರದಾಗಿ ಕೋರಲಾಗಿದೆ.

ಈ ನಿಯಮಗಳಿಗೂ ಮಿತಿಯಿದೆ. ನಮೂದಿಸಿದ ವಿವರ ಸರಿಯೋ ತಪ್ಪೋ ಎಂಬುದು ಅವುಗಳಿಗೆ ತಿಳಿಯುವುದಿಲ್ಲ. ಅಂತಿಮವಾಗಿ ಸಲ್ಲಿಸುವ ಮುನ್ನ ಪರದೆಯ ಮೇಲಿನ ಹೆಸರು, ವಿಳಾಸಗಳನ್ನು ಅರ್ಜಿದಾರರೇ ಓದಿ ನೋಡತಕ್ಕದ್ದು.

ಗಣಕಯಂತ್ರದ ನಿರ್ಬಂಧವು ಅರ್ಜಿಯನ್ನೇ ನಿರಾಕರಿಸಲು ಕಾರಣವಾಗತಕ್ಕದ್ದಲ್ಲ. ಪೆನ್ ಡ್ರೈವ್ ತೆರೆಯದಿದ್ದಲ್ಲಿ ದಾಖಲೆಗಳ ಮುದ್ರಿತ ಪ್ರತಿಗಳನ್ನು ನೀಡಿ. 2011ರ ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮದ ವ್ಯಾಪ್ತಿಗೆ ಬರುವ ಸೇವೆಯಾಗಿದ್ದಲ್ಲಿ, ಸಕಾಲ ಸಂಖ್ಯೆಯುಳ್ಳ ಸ್ವೀಕೃತಿಯನ್ನು ತಪ್ಪದೆ ಕೇಳಿ ಪಡೆಯಿರಿ. ಅರ್ಜಿಯನ್ನು ಸ್ವೀಕರಿಸಲಾಗದೆಂದು ತಿಳಿಸಿದಲ್ಲಿ ಕಾರಣವನ್ನು ಲಿಖಿತ ಹಿಂಬರಹದ ಮೂಲಕ ನೀಡುವಂತೆ ಕೋರಬಹುದು.