ನೆಲದ ಕಾವು, ನೀರಿನ ಕಾವು ಮತ್ತು ಮುಂಗಾರು ಮಳೆ

ವೈಶಾಖಮಾಸದ ನಡುಹಗಲಿನಲ್ಲಿ ಕೆರೆಯ ಏರಿಯ ಮೇಲೆ ಬರಿಗಾಲಿನಿಂದ ನಡೆದವನಿಗೆ ಅಂಗಾಲು ಸುಡುವುದು; ಅದೇ ಕೆರೆಯ ನೀರಿಗೆ ಇಳಿದರೆ ತಂಪೆನಿಸುವುದು. ಬೆಳಗಿನ ಜಾವದಲ್ಲಿ ಇದು ತಿರುಗುಮುರುಗಾಗಿ, ನೆಲವು ತಣ್ಣಗೂ ನೀರು ಬೆಚ್ಚಗೂ ಇರುತ್ತದೆ. ಎರಡರ ಮೇಲೂ ಬಿದ್ದ ಬಿಸಿಲು ಒಂದೇ ಆದರೂ ಫಲವು ಬೇರೆ. ರೈತನ ಬಿತ್ತನೆಯ ಕಾಲವನ್ನು ನಿರ್ಣಯಿಸುವ ಗಾಳಿಮಳೆಗಳು ಬಹುಮಟ್ಟಿಗೆ ಈ ಭೇದದಿಂದಲೇ ಹುಟ್ಟತಕ್ಕವು.

ಈ ಭೇದಕ್ಕೆ ಮುಖ್ಯವಾಗಿ ಮೂರು ಕಾರಣಗಳುಂಟು. ಮೊದಲನೆಯದು, ನೀರನ್ನು ಒಂದು ಡಿಗ್ರಿಯಷ್ಟು ಕಾಯಿಸಲು, ಅಷ್ಟೇ ತೂಕದ ಒಣಮಣ್ಣಿಗೆ ಬೇಕಾಗುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಶಾಖವು ಬೇಕು. ಎರಡನೆಯದು, ಬಿಸಿಲು ನೀರಿನೊಳಕ್ಕೆ ಇಳಿಯುವುದಲ್ಲದೆ ಅಲೆಗಳು ಆ ಶಾಖವನ್ನು ಕಲಸಿ ಆಳಕ್ಕೆ ಹರಡುತ್ತವೆ. ನೆಲದಲ್ಲಾದರೋ ಹಗಲಿನ ಕಾವು ಮೇಲಿನ ಒಂದೆರಡು ಅಡಿಗಳಲ್ಲಿಯೇ ನಿಲ್ಲುತ್ತದೆ. ಮೂರನೆಯದು, ನೀರಿಗೆ ತಗಲಿದ ಶಾಖದಲ್ಲಿ ಬಹುಪಾಲು ಆವಿಯನ್ನುಂಟುಮಾಡುವುದರಲ್ಲಿಯೇ ವ್ಯಯವಾಗುತ್ತದೆ.

ಕಾದ ನೆಲದ ಮೇಲಣ ಗಾಳಿಯು ಹಗುರವಾಗಿ ಮೇಲೇರಲು, ಅಲ್ಲಿ ವಾಯುಭಾರವು ಕುಗ್ಗಿ, ಸಮುದ್ರದ ಮೇಲಣ ತಂಪು ಗಾಳಿಯು ಆ ಕಡೆಗೆ ಹರಿದುಬರುತ್ತದೆ. ಮಂಗಳೂರು, ಕಾರವಾರ ಮೊದಲಾದ ಊರುಗಳಲ್ಲಿ ಬೇಸಿಗೆಯ ಮಧ್ಯಾಹ್ನ ಬೀಸುವ ಕಡಲಗಾಳಿಯು ಇದೇ. ರಾತ್ರಿ ನೆಲವು ಬೇಗನೆ ಆರುವುದರಿಂದ ಗಾಳಿಯು ನೆಲದಿಂದ ಕಡಲಿನ ಕಡೆಗೆ ತಿರುಗುತ್ತದೆ.

ಕರಾವಳಿಯಲ್ಲಿ ಹಗಲಿರುಳು ನಡೆಯುವ ಈ ವ್ಯಾಪಾರವೇ ಋತುಭೇದದಿಂದ ಇಡೀ ದೇಶದ ಮೇಲೆ ನಡೆದು ಮುಂಗಾರಾಗುತ್ತದೆಂಬ ಅರ್ಥದ ವಿವರಣೆಯನ್ನು ಎಡ್ಮಂಡ್ ಹ್ಯಾಲಿ ಎಂಬ ಆಂಗ್ಲ ವಿದ್ವಾಂಸನು ೧೬೮೬ರಲ್ಲಿಯೇ ಕೊಟ್ಟನು. ಇದು ಸರಿಯಾದರೂ ಪೂರ್ಣವಲ್ಲ. ಕಾವೊಂದೇ ಸಾಕಾಗಿದ್ದರೆ, ನೆಲವು ಅತಿಯಾಗಿ ಕಾಯುವ ಮೇ ತಿಂಗಳಲ್ಲಿಯೇ ಮುಂಗಾರು ಸುರಿಯಬೇಕಾಗಿತ್ತು. ಸೂರ್ಯನೊಡನೆ ಮಳೆಯ ಪಟ್ಟಿಯೂ ಉತ್ತರಕ್ಕೆ ಸರಿಯಬೇಕು. ದಕ್ಷಿಣಗೋಳದ ಗಾಳಿಯು ಭೂಮಧ್ಯರೇಖೆಯನ್ನು ದಾಟಿ, ಭೂಮಿಯ ತಿರುಗುವಿಕೆಯಿಂದ ಬಲಕ್ಕೆ ಹೊರಳಿ, ನೈಋತ್ಯದಿಂದ ಬೀಸಬೇಕು. ಆ ಗಾಳಿಯ ಆವಿಯು ಮೋಡವಾಗುವಾಗ ಬಿಡುವ ಶಾಖವು ಇನ್ನಷ್ಟು ಗಾಳಿಯನ್ನು ಸೆಳೆಯುತ್ತದೆ. ಆದಕಾರಣ ಮುಂಗಾರು ಸಾಮಾನ್ಯವಾಗಿ ಜೂನ್ ೧ರ ಸುಮಾರಿಗೆ ಕೇರಳವನ್ನು ಮುಟ್ಟಿ, ಬಳಿಕ ಕರ್ನಾಟಕವನ್ನು ವ್ಯಾಪಿಸುತ್ತದೆ. ಘಟ್ಟವನ್ನು ಏರುವಾಗಲೇ ಆವಿಯ ಬಹುಭಾಗವು ಮಳೆಯಾಗಿ ಬೀಳುವುದರಿಂದ, ಆಗುಂಬೆಯಲ್ಲಿ ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮೀರಿ ಮಳೆಯಾದರೆ, ಚಳ್ಳಕೆರೆಯ ಸೀಮೆಯಲ್ಲಿ ೬೦೦ಕ್ಕೂ ಕಡಿಮೆಯಾಗುತ್ತದೆ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಮೈದಾನಸೀಮೆಗೆ ಬರುವ ಗುಡುಗುಮಳೆಯು ಬೇರೆ ಜಾತಿಯದು. ಆಯಾ ಸ್ಥಳದ ನೆಲವು ಕಾದು ಗಾಳಿಯು ಮೇಲೆದ್ದುದರಿಂದ ಇದು ಉಂಟಾಗತಕ್ಕದ್ದು. ಸಾಯಂಕಾಲದಲ್ಲಿ ಬಿರುಗಾಳಿ, ಗುಡುಗು, ಕೆಲವೊಮ್ಮೆ ಆಲಿಕಲ್ಲುಗಳೊಡನೆ ಬಂದು, ಒಂದು ಹಳ್ಳಿಯನ್ನು ತೋಯಿಸಿ ಮಗ್ಗುಲ ಹಳ್ಳಿಗೆ ಹನಿಯನ್ನೂ ಹಾಕದೆ ಹೋಗುವುದುಂಟು. ಮುಂಗಾರಿನ ಲಕ್ಷಣವಾದರೋ ದಿನಗಟ್ಟಲೆ ಬಿಡದೆ ಬೀಸುವ ಪಡುವಣ ಗಾಳಿ ಮತ್ತು ತಗ್ಗಾಗಿ ಸಾಲುಗಟ್ಟಿ ಬರುವ ಮೋಡಗಳು.

ಈ ಎರಡನ್ನೂ ಒಂದೆಂದೆಣಿಸಿ ಮೊದಲ ಗುಡುಗುಮಳೆಗೇ ರಾಗಿಯನ್ನು ಬಿತ್ತಿದರೆ, ಮೊಳೆತ ಪೈರು ಮುಂದಿನ ಮಳೆಯಿಲ್ಲದೆ ಒಣಗಿ, ಬೀಜವೂ ದುಡಿಮೆಯೂ ನಷ್ಟವಾಗುವ ಭಯವುಂಟು. ಆ ಮಳೆಯನ್ನು ಉಳುಮೆಗೂ ಬದುಗಳನ್ನು ಸರಿಪಡಿಸುವುದಕ್ಕೂ ಉಪಯೋಗಿಸಿಕೊಳ್ಳುವುದು ಲೇಸು. ವಾಡಿಕೆಯಿರುವ ಕಡೆಗಳಲ್ಲಿ ಎಳ್ಳು, ಅಲಸಂದೆ, ಹೆಸರುಗಳನ್ನು ಬಿತ್ತಬಹುದು. ಆದರೆ ಅಗೆದು ನೋಡಿ, ಹದವು ಒಂದು ಗೇಣಾದರೂ ಆಳಕ್ಕೆ ಇಳಿದಿದ್ದರೆ ಮಾತ್ರ. ಉತ್ತ ಹೊಲವು ಮಳೆಗಾಗಿ ಕಾಯಬಲ್ಲುದು; ಮೊಳೆತ ಬೀಜವು ಕಾಯಲಾರದು. ಹವಾಮಾನ ಇಲಾಖೆಯ ಪ್ರಕಟಣೆಯಿಂದ ಮುಂಗಾರು ನೆಲೆಗೊಂಡ ವರ್ತಮಾನವನ್ನು ತಿಳಿದು, ತನ್ನ ಹೊಲದ ಹದವನ್ನೂ ಪರೀಕ್ಷಿಸಿದ ನಂತರವೇ ರೈತನು ರಾಗಿಯ ಬೀಜವನ್ನು ಹೊರತೆಗೆಯತಕ್ಕದ್ದು.