ಬಂಡೆಗೆ ಬಿರುಕು: ಹಟ್ಟಿಯ ಬೆಂಕಿ, ಅಮೆರಿಕದ ನೀರು

ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಹಟ್ಟಿ ಎಂದರೆ ಚಿನ್ನದ ಗಣಿ ಎಂದಷ್ಟೇ ಕರಾವಳಿಯ ನಮಗೆ ಗೊತ್ತು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಅಲ್ಲಿನ ಜನ ನೂರಾರು ಅಡಿ ಆಳಕ್ಕೆ ಇಳಿದಿದ್ದರು. ಸಿಡಿಮದ್ದು ಇಲ್ಲದ ಕಾಲ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ಬಿರುಕು ಬಿಡಿಸಿ ಅದಿರು ತೆಗೆಯುತ್ತಿದ್ದರು. ಇಂದು ಅಮೆರಿಕದಲ್ಲಿ ಇಂಧನಕ್ಕಾಗಿ ನೀರಿನಿಂದಲೇ ಬಂಡೆ ಬಿರುಕು ಬಿಡಿಸುತ್ತಾರೆ. ಹೈಡ್ರಾಲಿಕ್ ಫ್ರ್ಯಾಕ್ಚರಿಂಗ್, ಚುಟುಕಾಗಿ ಫ್ರ್ಯಾಕಿಂಗ್ ಎಂಬ ಈ ವಿಧಾನದ ಬಗ್ಗೆ ಓದುಗರು ತಿಳಿದಿರುವುದು ಒಳ್ಳೆಯದು.

ಶೇಲ್ ಎಂಬ ಪದರಗಲ್ಲಿನೊಳಗೆ ಅನಿಲ, ತೈಲ ಸಿಕ್ಕಿಕೊಂಡಿರುತ್ತದೆ. ಕೊಳವೆ ಬಾವಿಯನ್ನು ಎರಡು ಮೂರು ಕಿಲೋಮೀಟರ್ ಆಳಕ್ಕೆ ಕೊರೆದು, ಆ ಪದರದೊಳಗೆ ಅಡ್ಡಲಾಗಿ ತಿರುಗಿಸುತ್ತಾರೆ. ಅನಂತರ ಮರಳು ಮತ್ತು ರಾಸಾಯನಿಕ ಬೆರೆಸಿದ ನೀರನ್ನು ಭಾರೀ ಒತ್ತಡದಲ್ಲಿ ನುಗ್ಗಿಸುತ್ತಾರೆ. ಕಲ್ಲು ಸೀಳುತ್ತದೆ, ಮರಳಿನ ಕಣಗಳು ಸೀಳು ಮುಚ್ಚದಂತೆ ತಡೆಯುತ್ತವೆ, ಅನಿಲ ಹೊರಬರುತ್ತದೆ. ಮರಳನ್ನು ಹೊತ್ತೊಯ್ಯಲು ನೀರು ಮಂದವಾಗಿರಬೇಕು. ಅದಕ್ಕೆ ಬಳಸುವ ಗೋಂದು ಬರುವುದು ನಮ್ಮ ಗೋರಿಕಾಯಿಯ ಬೀಜದಿಂದ! ರಾಯಚೂರು ಕಡೆ ಚವಳಿಕಾಯಿ ಎನ್ನುತ್ತಾರೆ. 2012ರ ಸುಮಾರಿಗೆ ಇದರ ಬೆಲೆ ಗಗನಕ್ಕೇರಿ ರಾಜಸ್ಥಾನದ ರೈತರು ಹಣ ಕಂಡದ್ದು ಈ ಬಾವಿಗಳ ದೆಸೆಯಿಂದಲೇ.

ಲಾಭ ಸಣ್ಣದಲ್ಲ. ಅನಿಲ ಉರಿಸಿದರೆ ಕಲ್ಲಿದ್ದಲಿನ ಸರಿಸುಮಾರು ಅರ್ಧದಷ್ಟು ಇಂಗಾಲಾಮ್ಲ ಮಾತ್ರ ಹೊರಬೀಳುತ್ತದೆ. ಹಾರುಬೂದಿಯ ಕಾಟವಿಲ್ಲ; ಶಾಖೋತ್ಪನ್ನ ವಿದ್ಯುತ್ ಸ್ಥಾವರ ಇರುವ ರಾಯಚೂರಿನವರಿಗೆ ಅದರ ಬೆಲೆ ಗೊತ್ತು. ಅನಿಲ ಆಮದು ಮಾಡಿಕೊಳ್ಳುತ್ತಿದ್ದ ಅಮೆರಿಕ 2017ರ ಹೊತ್ತಿಗೆ ರಫ್ತಿನಲ್ಲೇ ಮುಂದಾಯಿತು. 2018ರ ಮಾರ್ಚ್‌ನಲ್ಲಿ ನಮ್ಮ ಗೇಲ್ ಸಂಸ್ಥೆಯ ದೀರ್ಘಾವಧಿ ಒಪ್ಪಂದದ ಮೊದಲ ಹಡಗು ಅಲ್ಲಿಂದ ದಾಭೋಲ್‌ಗೆ ಬಂತು. ದಾಭೋಲ್‌ನಿಂದ ಬೆಂಗಳೂರಿಗೆ ಕೊಳವೆ ಮಾರ್ಗವಿದೆ. ಆದ್ದರಿಂದ ಇದು ದೂರದ ದೇಶದ ಸಂಗತಿ ಎನ್ನುವಂತಿಲ್ಲ.

ಆದರೆ ಒಂದೊಂದು ಬಾವಿಗೆ ಅರ್ಧ ಕೋಟಿಯಿಂದ ಹಲವು ಕೋಟಿ ಲೀಟರ್ ನೀರು ಬೇಕು. ಮರಳಿ ಬರುವ ನೀರು ಬರೇ ನೀರಲ್ಲ. ಉಪ್ಪು, ಭಾರ ಲೋಹ, ಕೆಲವೆಡೆ ವಿಕಿರಣಶೀಲ ರೇಡಿಯಂ ಅದರಲ್ಲಿರುತ್ತದೆ. ಇಂಥ ಕೊಳೆನೀರನ್ನು ಮತ್ತೆ ಭೂಮಿಯಾಳಕ್ಕೆ ತುಂಬಿದ್ದರಿಂದಲೇ ಒಕ್ಲಹೋಮಾದಲ್ಲಿ ಭೂಕಂಪಗಳು ಹೆಚ್ಚಿದವು. 2016ರ ಸೆಪ್ಟೆಂಬರ್‌ನಲ್ಲಿ ಪಾನೀ ಎಂಬಲ್ಲಿ 5.8 ತೀವ್ರತೆಯ ಕಂಪನವಾಯಿತು. ಇನ್ನು ಸೋರಿಹೋಗುವ ಮೀಥೇನ್, ಕಲ್ಲಿದ್ದಲು ಬಿಟ್ಟದ್ದರ ಲಾಭವನ್ನೇ ತಿಂದುಹಾಕಬಲ್ಲದು. ಫ್ರಾನ್ಸ್ 2011ರಲ್ಲಿಯೇ ಫ್ರ್ಯಾಕಿಂಗನ್ನು ನಿಷೇಧಿಸಿತು.

ಹಟ್ಟಿಯಲ್ಲಿ ಇದು ನಡೆಯಲಾರದು. ಅಲ್ಲಿನದು 250 ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಶಿಲೆ, ಚಿನ್ನವಿದೆ, ಅನಿಲವಿಲ್ಲ. ಆದರೂ ಹಟ್ಟಿಯ ನೆರೆಯನ್ನು ನಾವು ನೋಡಲೇಬೇಕು. ಕೃಷ್ಣಾ ನದಿ ದಾಟಿದರೆ ಯಾದಗಿರಿ ಜಿಲ್ಲೆಯ ಸುರಪುರ ತಾಲೂಕು. ಅಲ್ಲೂ ಒಂದು ಮಂಗಳೂರಿದೆ (ನಮ್ಮದಲ್ಲ), ಹಿಂದೆ ಚಿನ್ನ ತೆಗೆಯುತ್ತಿದ್ದ ಊರು. ಆ ಶಿಲಾವಲಯದ ಕಿರದಳ್ಳಿ ತಾಂಡಾದಲ್ಲಿ ಲಂಬಾಣಿ ಕುಟುಂಬಗಳು ಕುಡಿಯುತ್ತಿದ್ದ ಕೊಳವೆ ಬಾವಿಯ ನೀರಿನಲ್ಲಿ ಆರ್ಸೆನಿಕ್ ಇತ್ತು. ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಸುರಕ್ಷಿತ ಮಿತಿಯ ಹಲವು ಪಟ್ಟು. ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅಂಗೈ, ಅಂಗಾಲುಗಳಲ್ಲಿ ಗಂಟುಗಳೆದ್ದು, ಕೆಲವರಿಗೆ ಕ್ಯಾನ್ಸರ್ ತಗಲಿದ ಮೇಲೆಯೇ ವಿಷಯ ಹೊರಬಿದ್ದದ್ದು. ಇದು ಫ್ರ್ಯಾಕಿಂಗ್‌ನ ಫಲವಲ್ಲ. ಕಲ್ಲಿನಲ್ಲಿರುವ ವಿಷ ನೀರಿಗಿಳಿದರೆ ಮೊದಲು ಗೊತ್ತಾಗುವುದು ಬಡವರ ಮೈಯಲ್ಲಿ ಎಂಬುದಷ್ಟೇ ನಮ್ಮ ಮಾತು.

ಆದುದರಿಂದ ಬಾವಿ ಕೊರೆಯುವ ಮೊದಲೇ ಸುತ್ತಲಿನ ಹಳ್ಳಿಗಳ ನೀರನ್ನು ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯತಿಯಲ್ಲಿ ತೂಗುಹಾಕಬೇಕು. ಇಲ್ಲವಾದರೆ ನಾಳೆ ನೀರು ಕೆಟ್ಟಾಗ, ಮೊದಲೂ ಹೀಗೆಯೇ ಇತ್ತು ಎಂದು ಕಂಪನಿ ಹೇಳಿದರೆ ರೈತನ ಬಳಿ ಉತ್ತರವಿರುವುದಿಲ್ಲ. ಅಮೆರಿಕದಲ್ಲಿ 2005ರ ಇಂಧನ ಕಾಯ್ದೆ, ಡೀಸೆಲ್ ಬೆರೆಸಿದ ಸಂದರ್ಭ ಬಿಟ್ಟು, ಫ್ರ್ಯಾಕಿಂಗನ್ನು ಕುಡಿಯುವ ನೀರಿನ ರಕ್ಷಣಾ ಕಾನೂನಿನಿಂದ ಹೊರಗಿಟ್ಟಿತು. ನಮ್ಮಲ್ಲಿ 2013ರ ನೀತಿ ಶೇಲ್ ಅನಿಲ ಹುಡುಕಲು ಸರಕಾರಿ ತೈಲ ಕಂಪನಿಗಳಿಗೆ ಅವಕಾಶ ಕೊಟ್ಟಿತು. ಕಾವೇರಿ ಕೊಳ್ಳದ ಹೆಸರೂ ಅದರ ಜೊತೆ ಕೇಳಿಬಂತು. ತಮಿಳುನಾಡು 2020ರಲ್ಲಿ ಕಾನೂನು ಮಾಡಿ, ಕಾವೇರಿ ಮುಖಜಭೂಮಿಯನ್ನು ಸಂರಕ್ಷಿತ ಕೃಷಿ ವಲಯವೆಂದು ಸಾರಿ, ಹೊಸ ತೈಲ, ಅನಿಲ ಶೋಧನೆಗೆ ತಡೆಹಾಕಿತು. ಹಳೆಯ ಬಾವಿಗಳಿಗೆ ಆ ತಡೆ ಅನ್ವಯಿಸಲಿಲ್ಲ.