ಮೀನಿಗೆ ಹಬ್ಬದೂಟ, ಮನೆಗೆ ಡೆಂಗಿ ಆಗದಿರಲಿ

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವವರು ಬಹುಬೇಗ ಗಮನಿಸುವ ಸಂಗತಿಯೊಂದಿದೆ. ಅಂಗಡಿಯಿಂದ ತಂದ ಒಣ ಆಹಾರವನ್ನು ಕಂಡೂ ಕಾಣದಂತೆ ಸರಿದುಹೋಗುವ ಫೈಟರ್ ಮೀನು, ನೀರಿನಲ್ಲಿ ಹೊರಳಾಡುವ ಹುಳು ಕಂಡೊಡನೆ ಬಾಣದಂತೆ ಎರಗುತ್ತದೆ. ಮರಿ ಮಾಡಿಸಬೇಕೆಂದಿರುವ ಜೋಡಿಗೆ ಜೀವಂತ ಆಹಾರಕ್ಕಿಂತ ಉತ್ತಮವಾದುದಿಲ್ಲ ಎಂಬುದು ಹವ್ಯಾಸಿಗಳ ಅನುಭವ. ಆದ್ದರಿಂದಲೇ ಕೀಟಗಳ ಲಾರ್ವಾಗಳನ್ನು ಮನೆಯಲ್ಲಿಯೇ ಬೆಳೆಸುವ ಪರಿಪಾಠ ಬೆಳೆದಿದೆ. ಆದರೆ ಯಾವ ಕೀಟವನ್ನು ಬೆಳೆಸುತ್ತೇವೆ ಎಂಬುದು ಮೀನಿಗಷ್ಟೇ ಸಂಬಂಧಿಸಿದ ಪ್ರಶ್ನೆಯಲ್ಲ. ಅಕ್ಕಪಕ್ಕದ ಮನೆಯವರ ಆರೋಗ್ಯವೂ ಅದರಲ್ಲಿ ಅಡಗಿದೆ.

ಬಕೆಟ್ಟಿನಲ್ಲಿ ನಡೆಯುವುದೇನು?

ಅತ್ಯಂತ ಸುಲಭವಾಗಿ ದೊರೆಯುವ ಲಾರ್ವಾ ಸೊಳ್ಳೆಯದು. ಬಕೆಟ್ಟಿನಲ್ಲಿ ನೀರು ತುಂಬಿ, ಒಂದಿಷ್ಟು ಒಣ ಎಲೆ ಹಾಕಿ ನೆರಳಿನಲ್ಲಿಟ್ಟರೆ ಸಾಕು, ಸೊಳ್ಳೆಗಳು ತಾವಾಗಿಯೇ ಬಂದು ಮೊಟ್ಟೆ ಇಡುತ್ತವೆ. ಖರ್ಚಿಲ್ಲ, ಶ್ರಮವಿಲ್ಲ. ತೊಡಕಿರುವುದು ಇಲ್ಲಿಯೇ. ಬಕೆಟ್ ಇಟ್ಟವರು ಯಾವ ಸೊಳ್ಳೆ ಬರಬೇಕೆಂದು ನಿರ್ಧರಿಸಲಾರರು. ಕೊಳಕು ನೀರನ್ನು ಇಷ್ಟಪಡುವ ಕ್ಯುಲೆಕ್ಸ್ ಬರಬಹುದು. ಡೆಂಗಿ ಮತ್ತು ಚಿಕೂನ್‌ಗುನ್ಯಾ ಹರಡುವ ಈಡಿಸ್ ಕೂಡ ಬರಬಹುದು.

ಬೆಚ್ಚಗಿನ ಹವೆಯಲ್ಲಿ ಈಡಿಸ್ ಮೊಟ್ಟೆಯು ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಲಾರ್ವಾ 4 ಹಂತಗಳನ್ನು ದಾಟಿ, ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಪ್ಯೂಪಾ ಆಗುತ್ತದೆ. ಬಳಿಕ ಸುಮಾರು 2 ದಿನಗಳಲ್ಲಿ ಸೊಳ್ಳೆ ಹೊರಬರುತ್ತದೆ. ಊರಿಗೆ ಹೋದವರು ಒಂದು ವಾರ ತಡವಾಗಿ ಮರಳಿದರೆ ಮೀನಿನ ಆಹಾರವೆಲ್ಲ ಹಾರಿಹೋಗಿರುತ್ತದೆ. ಈಡಿಸ್ ಹೆಚ್ಚು ದೂರ ಹಾರುವ ಸೊಳ್ಳೆಯಲ್ಲ. ಅಂದರೆ ಅದು ಕಚ್ಚುವುದು ಆ ಮನೆಯವರನ್ನು ಮತ್ತು ಅದೇ ಬೀದಿಯವರನ್ನು.

ನೀರು ಚೆಲ್ಲಿದರೆ ಮುಗಿಯಿತು ಎಂದುಕೊಳ್ಳುವುದೂ ತಪ್ಪು. ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ ಪಾತ್ರೆಯ ಗೋಡೆಗೆ ಅಂಟಿಸುತ್ತದೆ. ಒಣಗಿದ ಬಕೆಟ್ಟಿನಲ್ಲಿ ಅವು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ಸೋಕಿದಾಗ ಒಡೆಯುತ್ತವೆ. ಆದ್ದರಿಂದ ಪಾತ್ರೆಯ ಒಳಮೈಯನ್ನು ನಾರಿನಿಂದ ಉಜ್ಜಿ ತೊಳೆಯುವುದು ಅನಿವಾರ್ಯ.

ದಂಡವೂ ಉಂಟು

2024ರಲ್ಲಿ ರಾಜ್ಯದಲ್ಲಿ ಡೆಂಗಿ ಉಲ್ಬಣಿಸಿದಾಗ ಸರ್ಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಸೊಳ್ಳೆ ಉತ್ಪತ್ತಿಗೆ ಆಸ್ಪದ ನೀಡುವ ಮನೆಗಳಿಗೆ ನಗರ ಪ್ರದೇಶದಲ್ಲಿ 400 ರೂ., ಗ್ರಾಮೀಣ ಪ್ರದೇಶದಲ್ಲಿ 200 ರೂ. ದಂಡವನ್ನು ಆ ನಿಯಮಗಳಲ್ಲಿ ಗೊತ್ತುಪಡಿಸಲಾಯಿತು. ಲಾರ್ವಾ ಸಮೀಕ್ಷೆಗೆ ಬರುವ ಸಿಬ್ಬಂದಿಯ ಕಣ್ಣಿಗೆ ಮೀನಿನ ಆಹಾರದ ಬಕೆಟ್ಟಿಗೂ ಮರೆತುಹೋದ ಬಕೆಟ್ಟಿಗೂ ವ್ಯತ್ಯಾಸವಿರುವುದಿಲ್ಲ.

ಚರಂಡಿಯಿಂದ ಲಾರ್ವಾ ಹಿಡಿದು ತರುವುದು ಪರಿಹಾರವಲ್ಲ. ಅಲ್ಲಿ ಕೀಟನಾಶಕ ಸಿಂಪಡಿಸಿರಬಹುದು. ಕಲುಷಿತ ಕೆಸರಿನಲ್ಲಿ ಬೆಳೆದ ಕೆಂಪುಹುಳು, ಅಂದರೆ ಕಚ್ಚದ ನುಸಿಯೊಂದರ ಲಾರ್ವಾ, ತನ್ನ ಮೈಯಲ್ಲಿ ಭಾರಲೋಹಗಳನ್ನು ಸೇರಿಸಿಕೊಂಡಿರಬಹುದು. ಕೆಂಪುಹುಳುವನ್ನು ಮುಟ್ಟಿದಾಗ ಕೆಲವರಿಗೆ ಅಲರ್ಜಿಯೂ ಆಗುತ್ತದೆ.

ಅಪಾಯವಿಲ್ಲದ ಹುಳು

ನೀರಿನ ಗೊಡವೆಯೇ ಇಲ್ಲದೆ ಬೆಳೆಸಬಹುದಾದುದು ಮೀಲ್‌ವರ್ಮ್. ಇದು ಧಾನ್ಯದ ಹಿಟ್ಟಿನಲ್ಲಿ ಬೆಳೆಯುವ ಕಪ್ಪು ಜೀರುಂಡೆಯೊಂದರ ಲಾರ್ವಾ. ನುಣುಪಾದ ಗೋಡೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ 2–3 ಅಂಗುಲ ಗೋಧಿ ಬೂಸಾ ಅಥವಾ ಓಟ್ಸ್ ಹರಡಿ, ತೇವಕ್ಕಾಗಿ ಆಲೂಗಡ್ಡೆ ಇಲ್ಲವೇ ಕ್ಯಾರೆಟ್ ಹೋಳು ಇಡಬೇಕು. ನುಣುಪು ಗೋಡೆಯನ್ನು ಹುಳು ಹತ್ತಲಾರದು. ಆದರೂ ಗಾಳಿಯಾಡುವಂತೆ ಜಾಲರಿಯ ಮುಚ್ಚಳ ಇರಲಿ. ಬೂಷ್ಟು ಹಿಡಿಯದಂತೆ ಹೋಳನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸಬೇಕು. ಮೊಟ್ಟೆಯೊಡೆದು ದೊಡ್ಡ ಹುಳುವಾಗಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಪ್ಯೂಪಾ ಹಂತ ತಲುಪಿದ ಕೆಲವನ್ನು ಬೇರೆ ಡಬ್ಬಿಗೆ ವರ್ಗಾಯಿಸಿದರೆ ಅವು ಜೀರುಂಡೆಗಳಾಗಿ ಮುಂದಿನ ಪೀಳಿಗೆಗೆ ಮೊಟ್ಟೆ ಇಡುತ್ತವೆ.

ಆದರೆ ಇದು ಎಲ್ಲ ಮೀನಿಗೂ ಒಗ್ಗುವ ಆಹಾರವಲ್ಲ. ಕೊಬ್ಬಿನಂಶ ಹೆಚ್ಚು, ಹೊರಕವಚ ಗಟ್ಟಿ. ಆಸ್ಕರ್, ಅರೋವಾನಾದಂತಹ ದೊಡ್ಡ ಮೀನುಗಳಿಗೆ ವಾರಕ್ಕೆ ಒಂದೆರಡು ಬಾರಿ ಕೊಡಬಹುದು. ಆಗಷ್ಟೇ ಪೊರೆ ಕಳಚಿದ ಬಿಳಿ ಹುಳು ಮೆತ್ತಗಿರುವುದರಿಂದ ಸಣ್ಣ ಮೀನುಗಳಿಗೆ ಅದನ್ನೇ ಕತ್ತರಿಸಿ ಹಾಕುವುದು ಒಳಿತು. ತಿನ್ನದೆ ಉಳಿದ ಹುಳು ನೀರಿನಲ್ಲಿ ಸತ್ತು ಕೊಳೆಯುತ್ತದೆ. ಅದನ್ನು ಕೂಡಲೇ ತೆಗೆಯಬೇಕು.

ಅಡುಗೆಮನೆಯ ತರಕಾರಿ ಸಿಪ್ಪೆಯಲ್ಲಿ ಬೆಳೆಯುವ ಬ್ಲ್ಯಾಕ್ ಸೋಲ್ಜರ್ ಫ್ಲೈ ನೊಣದ ಲಾರ್ವಾ ಇನ್ನೊಂದು ಆಯ್ಕೆ. ಈ ನೊಣ ಕಚ್ಚುವುದಿಲ್ಲ, ಮನೆನೊಣದಂತೆ ಊಟದ ಮೇಲೆ ಕೂರುವ ಚಾಳಿಯೂ ಇದಕ್ಕಿಲ್ಲ. ವಾಸನೆಯ ಕಾರಣದಿಂದ ಅಪಾರ್ಟ್‌ಮೆಂಟಿಗಿಂತ ಹಿತ್ತಲಿರುವ ಮನೆಗೆ ಇದು ಹೊಂದುತ್ತದೆ.

ಮೀನೇ ಲಾರ್ವಾದ ಬಳಿಗೆ

ಸೊಳ್ಳೆ ಲಾರ್ವಾವೇ ಬೇಕೆನ್ನುವವರಿಗೂ ದಾರಿಯಿದೆ. ಅದಕ್ಕಾಗಿ ಬಕೆಟ್ ಇಡುವ ಬದಲು, ತಾವರೆ ತೊಟ್ಟಿಯಲ್ಲಿಯೋ ಅಂಗಳದ ನೀರಿನ ಕುಂಡದಲ್ಲಿಯೋ ಕೆಲವು ಗಪ್ಪಿಗಳನ್ನು ಬಿಡುವುದು. ಸೊಳ್ಳೆ ಅಲ್ಲಿ ಮೊಟ್ಟೆ ಇಟ್ಟರೂ ಲಾರ್ವಾಗಳು ಮೀನಿನ ಹೊಟ್ಟೆ ಸೇರುತ್ತವೆ. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಮಲೇರಿಯಾ ತಡೆಯಲು ಬಾವಿಗಳಿಗೆ ಗಪ್ಪಿ ಬಿಟ್ಟದ್ದು ಇದೇ ತತ್ವದ ಮೇಲೆ. ಆದರೆ ಕೆರೆ, ಹೊಳೆಗಳಿಗೆ ಇವನ್ನು ಬಿಡಬಾರದು. ಗಪ್ಪಿ ನಮ್ಮ ನಾಡಿನ ಮೀನಲ್ಲ, ಸ್ಥಳೀಯ ಮೀನುಗಳಿಗೆ ಅದು ಕಂಟಕವಾಗಬಲ್ಲದು.

ಮೀನಿಗೆ ಒಳ್ಳೆಯ ಊಟ ಕೊಡಬೇಕೆಂಬ ಆಸೆ ಸಹಜವಾದುದೇ. ಆ ಊಟಕ್ಕೆ ರೆಕ್ಕೆ ಮೂಡಿ ನೆರೆಮನೆಯ ಕೂಸನ್ನು ಕಚ್ಚದಂತೆ ನೋಡಿಕೊಳ್ಳುವ ಹೊಣೆಯೂ ಮೀನು ಸಾಕುವವರದೇ.